ಕಂಬದ ಹಿಂದಿನ ಅತ್ತೆ

ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಮ್ಯಾಚಿಂಗ್ ಸೆಂಟರ್ ಇಟ್ಟುಕೊಂಡಿದ್ದ ಧರ್ಮಪಾಲನ ಕಣ್ಣಿನ ಮೇಲೆ ಸ್ವತಃ ಧರ್ಮಪಾಲನಿಗೇ ಅಪಾರ ಗೌರವ. ಗಿರಾಕಿ ಚೀಲದಿಂದ ಸೀರೆಯನ್ನು ಪೂರ್ತಿ ತೆಗೆಯಬೇಕೆಂದಿಲ್ಲ, ಅಂಚು ಒಂದಿಷ್ಟು ಇಣುಕಿದರೆ ಸಾಕು. ಮುನ್ನೂರು ಬಣ್ಣದ ರಾಶಿಯಿಂದ ಅದಕ್ಕೆ ಒಪ್ಪುವ ರವಿಕೆ ಬಟ್ಟೆಯನ್ನು ಎಳೆದು ಕೌಂಟರಿನ ಮೇಲೆ ಚೆಲ್ಲುತ್ತಿದ್ದ. ಹೊರಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿ ಬನ್ನಿ ಎಂದು ತಾನೇ ಕಳಿಸುತ್ತಿದ್ದ. ಹೋದವರು ಬಾಯಿ ಮುಚ್ಚಿಕೊಂಡು ವಾಪಸು ಬಂದು ಕೊಳ್ಳುತ್ತಿದ್ದರು. ಇಂಥ ಕಣ್ಣುಳ್ಳ ಮಹಾಪುರುಷ, ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬುವ ಎರಡು ಸಾವಿರದ ಹನ್ನೊಂದನೆಯ ಇಸವಿಯಲ್ಲಿ, ಹೆಂಡತಿಗೆ ಈವರೆಗೆ ಯಾವ ಗಂಡನೂ ಕೊಡದಂಥ ಉಡುಗೊರೆ ಕೊಡುವುದೆಂದು ನಿಶ್ಚಯಿಸಿದ!

ಚಿನ್ನ ಕೊಟ್ಟರೆ ಲಾಕರಿಗೆ ಹೋಗುತ್ತದೆ. ಸೀರೆ ಕೊಟ್ಟರೆ ಅಂಗಡಿಯಲ್ಲಿ ಉಳಿದದ್ದು ಅನ್ನುತ್ತಾಳೆ. ನಳಿನಾಕ್ಷಿಗೆ ನಿಜವಾಗಿ ಬೇಕಾದದ್ದು ಏನೆಂದು ಅವನಿಗೆ ಗೊತ್ತಿತ್ತು.

ಪ್ರತಿವರ್ಷ, ಕರಾವಳಿಯ ತಮ್ಮ ಊರಿನ ರೂಢಿಯಂತೆ, ಮಳೆಗಾಲದ ಆಟಿ ತಿಂಗಳಲ್ಲಿ, ತೀರಿಹೋದವರಿಗೆ ಬಡಿಸುವ ದಿನ ಮನೆಯಲ್ಲಿ ಮೂರು ಎಲೆ ಹಾಕುತ್ತಿದ್ದರು. ಧರ್ಮಪಾಲನ ಅಪ್ಪ, ಅಮ್ಮ ದಪ್ಪ ಫ್ರೇಮಿನೊಳಗೆ ಕುಳಿತು ತಮ್ಮ ತಮ್ಮ ಎಲೆ ನೋಡುತ್ತಿದ್ದರು. ಮೂರನೆಯ ಎಲೆ ನಳಿನಾಕ್ಷಿಯ ಅಮ್ಮನದು. ಬಡಿಸಲು ತವರಿನಲ್ಲಿ ಬೇರೆ ಯಾರೂ ಇರಲಿಲ್ಲ. ಆ ಎಲೆಯ ಮುಂದೆ ಬರೀ ಗೋಡೆ. ನಳಿನಾಕ್ಷಿ ಆ ಗೋಡೆಗೆ ಪತ್ರೊಡೆ ಬಡಿಸಿ, ನೀರಿಟ್ಟು, ಕೈ ಮುಗಿಯುತ್ತಿದ್ದಳು.

ಆ ಅಮ್ಮನದು ಒಂದೂ ಫೋಟೋ ಇರಲಿಲ್ಲ. ಇವರ ಮದುವೆಯ ದಿನ ಫೋಟೋದವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿದಾಗ, ವಿಧವೆಯಾದ ನಾನು ಶುಭಕಾರ್ಯದ ಫೋಟೋದಲ್ಲಿ ಯಾಕೆ ಎಂದು ಆಕೆ ಚಪ್ಪರದ ಕಂಬದ ಹಿಂದೆ ಸರಿದಿದ್ದರು. ಕಪ್ಪುಬಿಳುಪು ಚಿತ್ರದಲ್ಲಿ ಸಿಕ್ಕಿದ್ದು ಒಂದು ಮೊಣಕೈ, ಒಂದಿಷ್ಟು ಸೆರಗು. ಮರುವರ್ಷ ಆಕೆ ತೀರಿಕೊಂಡರು.

ಧರ್ಮಪಾಲ ಆ ಮೊಣಕೈಯನ್ನು ಲಕೋಟೆಗೆ ಹಾಕಿಕೊಂಡು ಲೋಕಲ್ ಹತ್ತಿ ವಿಠ್ಠಲವಾಡಿಗೆ ಹೋದ. ಅಲ್ಲಿ ಊರಿನವನೇ ಆದ ದೇವದಾಸ್ ಎಂಬ ಪೇಂಟರ್ ಇದ್ದ. ಒಂದು ಕಾಲಕ್ಕೆ ಕಲ್ಯಾಣದ ಅರ್ಧ ಅಂಗಡಿಗಳ ಬೋರ್ಡು ಅವನ ಕೈಯದು. ಫ್ಲೆಕ್ಸ್ ಬಂದ ಮೇಲೆ ಬೋರ್ಡು ಹೋಗಿ, ಈಗ ಮನುಷ್ಯರ ಮುಖ ಬರೆಯುತ್ತಿದ್ದ.

ದೇವದಾಸ್ ಮೊಣಕೈಯನ್ನು ತಿರುಗಿಸಿ ಮುರುಗಿಸಿ ನೋಡಿದ. ಸರಿ, ಮುಖ ಬಾಯಲ್ಲೇ ಹೇಳಿ, ಬರೆಯುತ್ತೇನೆ ಎಂದು ಪೆನ್ಸಿಲ್ ಹಿಡಿದು ಕುಳಿತ. ಮೂಗು? ಧರ್ಮಪಾಲ ಯೋಚಿಸಿದ. ಹಣೆ? ಮತ್ತೂ ಯೋಚಿಸಿದ. ಅಳಿಯನಾಗಿ ಹೋದದ್ದು ಎರಡೇ ಸಲ. ಎರಡು ಸಲವೂ ತಲೆ ಬಗ್ಗಿಸಿ ಉಂಡಿದ್ದ. ಕೋಳಿ ಸಾರಿನ ಸೌಟು ಹಿಡಿದ ಕೈ ಬರುತ್ತಿತ್ತು, ಹೋಗುತ್ತಿತ್ತು. ಆ ಕೈಯ ಮೇಲೆ ಮುಖವೂ ಇದ್ದಿರಬೇಕು. ಆದರೆ ಮದುವೆಯ ದಿನ ಅತ್ತೆ ಉಟ್ಟ ಸೀರೆ ಕೇಳಿದ್ದೇ ತಡ, ಬಲಿತ ವೀಳ್ಯದೆಲೆಯ ಹಸಿರು, ಅಂಚಿಗೆ ಕಾವಿ, ನಡುವೆ ಹೆಬ್ಬೆರಳ ಉಗುರಿನಷ್ಟು ಚೌಕುಳಿ ಎಂದು ಒಂದೇ ಉಸಿರಿಗೆ ಹೇಳಿಬಿಟ್ಟ. ದೇವದಾಸ್ ಪೆನ್ಸಿಲ್ ಕೆಳಗಿಟ್ಟ.

"ಧರ್ಮಣ್ಣ, ನೀವು ಅತ್ತೆಯ ಚಿತ್ರ ಬರೆಸ್ಲಿಕ್ಕೆ ಬಂದದ್ದಾ, ಸೀರೆಯದ್ದಾ?"

ಆ ರಾತ್ರಿ ಊಟಕ್ಕೆ ಕುಳಿತಾಗ ಧರ್ಮಪಾಲ, ಏನೂ ಅಲ್ಲ ಎಂಬಂತೆ, ನಿನ್ನ ಅಮ್ಮನ ಮೂಗು ಹೇಗಿತ್ತು ಎಂದು ಕೇಳಿದ. ನಳಿನಾಕ್ಷಿಯ ಕೈ ಅನ್ನದ ಪಾತ್ರೆಯಲ್ಲೇ ನಿಂತಿತು.

"ಇಪ್ಪತ್ತೈದು ವರ್ಷ ಬಿಟ್ಟು ಈಗೆಂಥ ಮೂಗಿನ ವಿಚಾರಣೆ?"

ಸುಮ್ಮನೆ ಕೇಳಿದೆ ಎಂದ. ಅವಳು, ನಾನು ಅಮ್ಮನ ಹಾಗೇ ಇದ್ದೇನೆಂದು ಊರಲ್ಲೆಲ್ಲ ಹೇಳುತ್ತಿದ್ದರು ಎಂದಳು. ಆಮೇಲೆ ಅನ್ನ ಬಡಿಸುತ್ತ, "ನನಗೇ ಈಗೀಗ ಮರ್ತು ಹೋಗ್ತಾ ಉಂಟು. ಕಣ್ಣು ಮುಚ್ಚಿದ್ರೆ ಸ್ವಲ್ಪ ಕಾಣ್ತಾರೆ, ಅಷ್ಟೇ" ಅಂದಳು.

ಧರ್ಮಪಾಲನಿಗೆ ಕೇಳಿಸಿದ್ದು ಮೊದಲಿನ ಮಾತು ಮಾತ್ರ. ಅಮ್ಮನ ಹಾಗೇ! ಬಟ್ಟೆಯ ತುಂಡು ಕೈಯಲ್ಲೇ ಇರುವಾಗ ಇಡೀ ಥಾನನ್ನು ಹುಡುಕುವುದೇಕೆ? ಮಗಳು ರಮಿತಾಳ ಮೊಬೈಲಿನಿಂದ ನಳಿನಾಕ್ಷಿಯ ಫೋಟೋ ಒಂದನ್ನು ಪ್ರಿಂಟ್ ಹಾಕಿಸಿ ವಿಠ್ಠಲವಾಡಿಗೆ ಓಡಿದ. ದೇವದಾಸ್ ಒಪ್ಪಿದ. ಮುಖ ಸಿಕ್ಕಿತು, ಇನ್ನು ಪ್ರಾಯ ಎಷ್ಟು ಬರೆಯಲಿ ಎಂದು ಕೇಳಿದ.

"ಅತ್ತೆ ಅಲ್ವಾ ಮಾರಾಯ? ಅತ್ತೆಗೆ ಇರುವಷ್ಟು ಪ್ರಾಯ. ತಲೆ ಬಿಳಿ ಮಾಡು, ಕೆನ್ನೆ ಸ್ವಲ್ಪ ಇಳಿಸು."

ಮುಖದ ವಿಷಯ ಅಲ್ಲಿಗೆ ಮುಗಿಯಿತು. ಸೀರೆಯ ವಿಷಯ ಮೂರು ವಾರ ನಡೆಯಿತು. ಧರ್ಮಪಾಲ ಅಂಗಡಿಯಿಂದ ಬಟ್ಟೆಯ ಚೂರು ಒಯ್ದು, ಕ್ಯಾನ್ವಾಸಿನ ಪಕ್ಕ ಹಿಡಿದು, ಹಸಿರನ್ನು ನಾಲ್ಕು ಸಲ ಕಲಸಿಸಿದ. ಐದನೆಯ ಸಲಕ್ಕೆ ಚಿತ್ರವನ್ನೇ ಬಿಸಿಲಿಗೆ ಹೊತ್ತು ತಂದು ನೋಡಿ ಒಪ್ಪಿ ತಲೆಯಾಡಿಸಿದ.

ಮದುವೆಗೆ ಇಪ್ಪತ್ತೈದು ತುಂಬಿದ ದಿನ ಸಂಜೆ ಮನೆಯ ಹಾಲ್‌ನಲ್ಲಿ, ಆ ಖಾಲಿ ಗೋಡೆಗೇ ಮೊಳೆ ಹೊಡೆದು ಚಿತ್ರ ತೂಗುಹಾಕಿ, ಮೇಲೆ ಶಾಲು ಹೊದಿಸಿ, ಹೆಂಡತಿಯನ್ನು ಕರೆದು ತಾನೇ ಅನಾವರಣ ಮಾಡಿದ. ಮೊದಲು ಬಾಯಿ ತೆರೆದದ್ದು ರಮಿತಾ.

"ಅರೆ, ಯೇ ತೋ ಮಮ್ಮೀ ಹೈ. ಇತ್ನೀ ಬುಡ್ಢೀ ಕ್ಯೂಂ?"

ಇದು ಮುದುಕಿಯಾದ ಮಮ್ಮಿ ಅಲ್ಲ, ನಿನ್ನ ಅಜ್ಜಿ ಎಂದು ಧರ್ಮಪಾಲ ಗಂಭೀರವಾಗಿ ತಿದ್ದಿದ. ನಳಿನಾಕ್ಷಿ ಹತ್ತಿರ ಹೋದಳು. ಚಿತ್ರದ ಸೆರಗನ್ನು ಬೆರಳಿನಿಂದ ಮುಟ್ಟಿದಳು. ಅವಳ ಕಣ್ಣು ತುಂಬಿತು. ಗೆದ್ದೆ ಅಂದುಕೊಂಡ ಧರ್ಮಪಾಲ.

"ಸೀರೆ ಅಮ್ಮಂದೇ," ಅಂದಳು. ಚಿತ್ರದ ಮುಖ ನೋಡಿ ಮತ್ತೆ ಅಂದಳು: "ಅಮ್ಮ ಹೋಗುವಾಗ ನಲವತ್ತೈದು. ತಲೆಯಲ್ಲಿ ಒಂದು ಬಿಳಿ ಕೂದಲು ಇರ್ಲಿಲ್ಲ. ನನಗೀಗ ನಲವತ್ತೇಳು ಮಾರಾಯ್ರೆ. ನಾನೇ ಅಮ್ಮನಿಗಿಂತ ದೊಡ್ಡವಳು."

ಧರ್ಮಪಾಲ ಶಾಲು ಮಡಚತೊಡಗಿದ. ಮಡಚಿದ್ದನ್ನು ಬಿಚ್ಚಿ ಮತ್ತೆ ಮಡಚಿದ. ನಳಿನಾಕ್ಷಿ ಕಣ್ಣು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು. ಏನಾಯಿತು ಎಂದು ಅವನು ಕೇಳಿದ.

"ಅಮ್ಮ ಅಷ್ಟಾದ್ರೂ ಕಾಣ್ತಿದ್ರು. ಈಗ ಕಣ್ಣು ಮುಚ್ಚಿದ್ರೂ ಈ ಮುದುಕಿಯೇ ಬರ್ತಾಳೆ."

ಅಳಿಸಿಕೊಂಡು ಬರುತ್ತೇನೆ, ಇವತ್ತೇ ಒಯ್ಯುತ್ತೇನೆ, ಮುಖ ಬೇರೆ ಬರೆಸುತ್ತೇನೆ ಎಂದು ಅವನು ಮೊಳೆಯಿಂದ ಚಿತ್ರ ಇಳಿಸಲು ಹೋದ. ಅವಳು ಬೇಡವೆಂದಳು. ಸೀರೆ ಇರಲಿ, ಆಟಿಯಲ್ಲಿ ಸೀರೆಗೆ ಬಡಿಸುತ್ತೇನೆ ಎಂದಳು. ಆಮೇಲೆ ಅವನ ಕೈ ಹಿಡಿದು ಕುರ್ಚಿಯಲ್ಲಿ ಕೂರಿಸಿದಳು.

"ಕಣ್ಣು ಮುಚ್ಚಿ. ನನ್ನ ಮುಖದಲ್ಲಿ ಮಚ್ಚೆ ಎಲ್ಲುಂಟು, ಹೇಳಿ."

ಧರ್ಮಪಾಲ ಕಣ್ಣು ಮುಚ್ಚಿದ. ಕತ್ತಲೆಯಲ್ಲಿ ಹುಡುಕಿದ. ಇಪ್ಪತ್ತೈದು ವರ್ಷದಿಂದ ಬೆಳಿಗ್ಗೆ ಚಹ ಕೊಟ್ಟ ಕೈ ಬಂತು, ಡಬ್ಬಿ ಕಟ್ಟಿದ ಕೈ ಬಂತು.

"ಸೀರೆ ಬದನೆ ಬಣ್ಣ," ಎಂದ ಕೊನೆಗೆ, ಸಣ್ಣ ದನಿಯಲ್ಲಿ. "ಅಂಚು ಸಾಸಿವೆ."

ನಳಿನಾಕ್ಷಿ ನಗಲಿಲ್ಲ. ಇನ್ನೊಂದು ಕುರ್ಚಿ ಎಳೆದು ಅವನ ಎದುರಿಗೆ, ಟ್ಯೂಬ್‌ಲೈಟಿನ ನೇರ ಕೆಳಗೆ ಕುಳಿತಳು.

"ತೆರೀರಿ. ಸರಿಯಾಗಿ ನೋಡಿಕೊಳ್ಳಿ," ಅಂದಳು. "ಮುಂದೆ ಪೇಂಟರ್ ಕೇಳಿದ್ರೆ ಹೇಳ್ಲಿಕ್ಕೆ ಬೇಕಲ್ಲ."