ಕಂಪ್ಯೂಟರಿಗೆ ಮಂಜೂರಾದ ಮನೆ

೧೯೮೬ನೇ ಇಸವಿಯಲ್ಲಿ ಸಾಗರದ ಶ್ರಮನಿಧಿ ನೌಕರರ ವಸತಿ ಸಂಘವು, ಒಂಬತ್ತು ಸಾವಿರ ರೂಪಾಯಿಯ ಸಾಧಾರಣ ಹೋಮ್ ಕಂಪ್ಯೂಟರು ತನ್ನ ಕೆಲಸಕ್ಕೆ ಧಾರಾಳವಾಗಿ ಸಾಕೆಂದು ಖಚಿತಪಡಿಸಿಕೊಂಡ ನಂತರ, ಮೂವತ್ತು ಸಾವಿರದ ಉತ್ತಮ ದರ್ಜೆಯದನ್ನು ಖರೀದಿಸಿತು.

ಖಚಿತಪಡಿಸಿದವಳು ಟೈಪಿಸ್ಟ್ ವರದಮ್ಮ. ತಾಯಿ ಕನ್ನಮ್ಮನೊಂದಿಗೆ ಹಿಟ್ಟಿನ ಗಿರಣಿಯ ಹಿಂದಿನ ಒಂದೇ ಕೋಣೆಯಲ್ಲಿದ್ದುಕೊಂಡು ಎಂಟು ವರ್ಷದಿಂದ ಸಂಘದ ಮನೆಗೆ ಕಾದಿದ್ದಳು. ಖಾಲಿಯಾಗುವ ಮುಂದಿನ ಮನೆ ಅವಳದೇ.

“ಎರಡೂ ಒಂದೇ ಉತ್ತರ ಕೊಡ್ತಾವೆ ಸಾರ್,” ಎಂದಿದ್ದಳು.

“ಉತ್ತರ ಒಂದೇ ಇರಬಹುದಮ್ಮಾ, ಗೌರವ ಒಂದೇ ಇರುತ್ತಾ?” ಎಂದರು ಕಾರ್ಯದರ್ಶಿ ಮುಕುಂದಯ್ಯನವರು.

ಬಂದ ಯಂತ್ರಕ್ಕೆ ಧೂಳಾಗಬಾರದು, ಸೆಕೆಯಾಗಬಾರದು. ಕಚೇರಿಯಲ್ಲಿ ಎರಡೂ ಯಥೇಚ್ಛವಾಗಿದ್ದವು. ತುರ್ತು ಸಭೆ ಸೇರಿತು. “ಹೋಮ್ ಎಂದರೆ ಮನೆ. ಆದಕಾರಣ ಹೋಮ್ ಕಂಪ್ಯೂಟರನ್ನು ಕಚೇರಿಯಲ್ಲಿಡುವುದು ನಿಯಮಬಾಹಿರ” ಎಂದು ನಿರ್ಣಯವಾಯಿತು. ಅದೇ ವಾರ ಹೂವಯ್ಯನೆಂಬ ಸದಸ್ಯ ನಿವೃತ್ತನಾಗಿ ಮನೆ ಖಾಲಿ ಮಾಡಿದ್ದ. ಅದು ಕಂಪ್ಯೂಟರಿಗೆ ಮಂಜೂರಾಯಿತು.

ವರದಮ್ಮ ಮನೆಗೆ ಕಾದವರ ಪಟ್ಟಿಯನ್ನು ತಂದು ಮುಂದಿಟ್ಟಳು. “ಸಾರ್, ಪಟ್ಟೀಲಿ ಮೊದಲ ಹೆಸರು ನಂದು.”

“ಈಗಲೂ ನಿಮ್ದೇ, ಯಾರು ತೆಗೆದ್ರು? ಕಂಪ್ಯೂಟರು ಪಟ್ಟೀಲೇ ಇಲ್ಲ. ಹಾಗಾಗಿ ಅದು ನಿಮ್ಮನ್ನ ದಾಟಿ ಹೋಯ್ತು ಅನ್ನೋ ಪ್ರಶ್ನೆಯೇ ಬರೋದಿಲ್ಲ.”

ಆದೇಶವನ್ನು ಟೈಪು ಮಾಡಬೇಕಾದವಳೂ ಅವಳೇ. “ಕುಟುಂಬದ ಸದಸ್ಯರು” ಎಂಬಲ್ಲಿ ಏನು ಹಾಕಲೆಂದು ಕೇಳಿದಳು.

“ಪ್ರಿಂಟರ್ ಇದೆಯಲ್ಲ,” ಎಂದರು ಮುಕುಂದಯ್ಯನವರು.

ಗೃಹಪ್ರವೇಶ ಸಾಂಗವಾಗಿ ನೆರವೇರಿತು. ಹಾಲು ಉಕ್ಕಿಸಲು ಹೆಂಗಸರು ಬೇಕೆಂದು ವರದಮ್ಮನನ್ನೇ ಕರೆದರು, ಉಕ್ಕಿಸಿದಳು. ಕರೆಂಟಿನ ಏರಿಳಿತದಲ್ಲಿ ಬೆಲೆಬಾಳುವ ವಸ್ತು ಕೆಟ್ಟೀತೆಂದು ಕಂಪ್ಯೂಟರನ್ನು ಮಾತ್ರ ಚಾಲೂ ಮಾಡಲಿಲ್ಲ.

ಊಟದ ಪಂಕ್ತಿಯಲ್ಲಿ ಪುಟ್ಟಪ್ಪನೆಂಬ ಸದಸ್ಯ ಕೇಳಿಯೇಬಿಟ್ಟ: “ಅಷ್ಟು ದುಡ್ಡು ಹೆಚ್ಚಿಗೆ ಕೊಟ್ಟಿದ್ದಕ್ಕೆ ಏನು ಪ್ರಯೋಜನ ಆಯ್ತು ಸ್ವಾಮಿ?”

ಮುಕುಂದಯ್ಯನವರು ಕೋಸಂಬರಿ ಹಾಕಿಸಿಕೊಂಡು ಶಾಂತವಾಗಿ ಹೇಳಿದರು: “ಅಗ್ಗದ್ದು ತಂದಿದ್ರೆ ಅದಕ್ಕೆ ಯಾರಾದ್ರೂ ಮನೆ ಕೊಡ್ತಿದ್ರೇನ್ರೀ?”

ಪಂಕ್ತಿಯಲ್ಲಿದ್ದವರೆಲ್ಲ ತಲೆದೂಗಿದರು. ಪುಟ್ಟಪ್ಪನೂ ತಲೆದೂಗಿದ. ಕನ್ನಮ್ಮ ಮಗಳ ಕಡೆ ಬಾಗಿ, “ಎಂಟು ವರ್ಷ ನಿಂಗ್ಯಾಕೆ ಕೊಡ್ಲಿಲ್ಲ ಅಂತ ಈಗ ಗೊತ್ತಾಯ್ತು ಮಗಾ,” ಎಂದಳು.

“ಹೌದಮ್ಮಾ,” ಎಂದು ವರದಮ್ಮ ಪಾಯಸಕ್ಕೆ ಕೈ ಹಾಕಿದಳು.