ಜಪಾನಿನ ಗಾಯಕಿಗೆ ನಾನು ಕೋರಿದ ಸ್ವಾಗತ

ಸ್ವಾಗತ ಭಾಷಣದಲ್ಲಿ ನನ್ನನ್ನು ಮೀರಿಸುವವರು ನಂಜನಗೂಡು ತಾಲ್ಲೂಕಿನಲ್ಲೇ ಇಲ್ಲ ಎಂದು ಒಂದು ಕಾಲದಲ್ಲಿ ನಾನು ನಂಬಿದ್ದೆ. ಹಾಗೆ ನಂಬಿದ್ದವನು ನಾನೊಬ್ಬನೇ ಎಂಬುದು ಆಮೇಲೆ ಗೊತ್ತಾಯಿತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾನು ಊರಾಚೆಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತನಾಗಿದ್ದೆ. ಅದು ಹೊಟ್ಟೆಪಾಡಿಗೆ. ನಿಜವಾದ ಹುದ್ದೆ ಎಂದರೆ ಕಾರ್ಖಾನೆಯ ಕನ್ನಡ ಸಂಘದ ಕಾರ್ಯದರ್ಶಿ. ಆ ಕಾರ್ಖಾನೆಯಲ್ಲಿ ಜಪಾನಿನ ಕಂಪನಿಯೊಂದರ ಪಾಲಿತ್ತು. ಆ ಕಂಪನಿಯವರು ಚಿಯೋರಿ ಎಂಬ ತಮ್ಮ ದೇಶದ ಪಾಪ್ ಗಾಯಕಿಯ ಏಷ್ಯಾ ಪ್ರವಾಸದ ಖರ್ಚನ್ನೆಲ್ಲ ವಹಿಸಿಕೊಂಡಿದ್ದರು. ಆಕೆ ಬ್ಯಾಂಕಾಕ್‌ನಲ್ಲಿ ಹಾಡಿ, ಬೆಂಗಳೂರಿನಲ್ಲಿ ಹಾಡಿ, ಅಲ್ಲಿಂದ ಸಿಂಗಪುರಕ್ಕೆ ಹಾರಬೇಕು. ನಡುವೆ ಕಂಪನಿಯ ಕಾರ್ಖಾನೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಅರ್ಧ ಗಂಟೆ ನಿಂತು, ಕೆಲಸಗಾರರಿಗಾಗಿ ಒಂದು ಹಾಡು ಹಾಡಬೇಕು. ಹೀಗೆ ಬ್ಯಾಂಕಾಕ್, ಸಿಂಗಪುರಗಳ ಸಾಲಿಗೆ ನಮ್ಮ ನಂಜನಗೂಡೂ ಬಂದು ಸೇರಿತು.

ಈ ಸುದ್ದಿಗೆ ನನಗಿಂತ ಹೆಚ್ಚು ಹಿಗ್ಗಿದವಳು ನನ್ನ ಹೆಂಡತಿ ಮಂಗಳ. ಕಾರ್ಖಾನೆಯ ಜಪಾನಿ ಎಂಜಿನಿಯರ್ ತನಾಕಾ ಸಾಹೇಬರ ಹೆಂಡತಿ ಯೋಶಿಕೊ ರಾಗಿರೊಟ್ಟಿ ತಟ್ಟುವುದನ್ನು ಕಲಿಯಲು ನಮ್ಮ ಮನೆಗೆ ಬರುತ್ತಿದ್ದರು. ರೊಟ್ಟಿಗೆ ಬದಲಾಗಿ ಅವರು ಮಂಗಳಳಿಗೆ ಕೊಟ್ಟಿದ್ದು ಚಿಯೋರಿಯ ಒಂದು ಕ್ಯಾಸೆಟ್. ಬನ್ನೂರಿನ ಕಬ್ಬಿನ ಗದ್ದೆಗಳ ನಡುವೆ ಸೋಬಾನೆ ಹಾಡಿಕೊಂಡು ಬೆಳೆದವಳು ನನ್ನ ಹೆಂಡತಿ. ಕ್ಯಾಸೆಟ್ ಕೇಳಿ ಕೇಳಿ ಅದರಲ್ಲಿನ ಒಂದು ಹಾಡನ್ನು ಪೂರ್ತಿ ಕಲಿತುಬಿಟ್ಟಳು. ರೈಲಿಗಾಗಿ ಕಾಯುವವಳ ಹಾಡಂತೆ ಅದು. ಒಂದು ಪದದ ಅರ್ಥ ಗೊತ್ತಿಲ್ಲದಿದ್ದರೂ ಅವಳು ಹಾಡುತ್ತಿದ್ದರೆ ಒಲೆಯ ಮುಂದೆ ಕೂತ ಯೋಶಿಕೊ ಕಣ್ಣೊರೆಸಿಕೊಳ್ಳುತ್ತಿದ್ದರು. ಹೊಗೆಗೋ ಹಾಡಿಗೋ ನಾನು ವಿಚಾರಿಸಲಿಲ್ಲ.

ಒಂದು ಸಂಜೆ ಮಂಗಳ ಬಾಗಿಲಲ್ಲೇ ನನ್ನನ್ನು ತಡೆದು ನಿಲ್ಲಿಸಿದಳು.

"ರೀ, ಯೋಶಿಕೊ ಚಿಯೋರೀನ ಕೇಳವ್ರಂತೆ. ಆಯಮ್ಮ ಒಪ್ಕೊಂಡವ್ಳಂತೆ. ಹಾಡಲ್ಲಿ ಒಂದು ಚರಣ ನಾನೂ ಜೊತೇಲಿ ಹಾಡ್ಬೌದಂತೆ ಕಣ್ರೀ."

"ಬಹಳ ಸಂತೋಷ. ಸ್ವಾಗತ ಭಾಷಣ ನನ್ನದು, ಹಾಡು ನಿನ್ನದು. ಒಂದೇ ಮನೆಯಿಂದ ಇಬ್ಬರು."

ಅವಳ ಮುಖದ ನಗು ಸ್ವಲ್ಪ ಕಡಿಮೆಯಾಯಿತು. "ನಿಮ್ಮ ಭಾಷಣ ಎಷ್ಟೊತ್ತು?"

"ಐದೇ ನಿಮಿಷ."

"ನಮ್ಮ ಮದ್ವೇಲೂ ಅಂಗೇ ಅಂದಿದ್ರಿ."

ಅವಳ ಮಾತು ಸುಳ್ಳಲ್ಲ. ನಮ್ಮ ಮದುವೆಯಲ್ಲಿ ಎರಡೂ ಕಡೆಯ ನೆಂಟರಿಗೆ ಮದುಮಗನಾದ ನಾನೇ ಎದ್ದು ಸ್ವಾಗತ ಕೋರಿದ್ದೆ. ಪುರೋಹಿತರು ಪಂಚೆ ಹಿಡಿದು ಎಳೆದು ಕೂರಿಸದಿದ್ದರೆ ಮುಹೂರ್ತ ಮೀರುತ್ತಿತ್ತು ಎಂದು ಅವಳ ಕಡೆಯವರು ಈಗಲೂ ಹೇಳುತ್ತಾರೆ. "ನನ್ನಾಣೆಗೂ ಐದೇ ನಿಮಿಷ" ಎಂದು ಮಾತು ಕೊಟ್ಟೆ. ಅವಳು ಆ ಮಾತನ್ನು ನಂಬಿ ರೇಷ್ಮೆ ಸೀರೆಯನ್ನು ಇಸ್ತ್ರಿಗೆ ಹಾಕಿದಳು.

ಸ್ವಾಗತ ಭಾಷಣದ ಕಷ್ಟ ಅದನ್ನು ಮಾಡುವವನಿಗೇ ಗೊತ್ತು. ವೇದಿಕೆಯ ಮೇಲಿರುವವರಲ್ಲಿ ಒಬ್ಬರ ಹೆಸರು ಬಿಟ್ಟರೂ ಕೇಡು. ಹಿಂದಿನ ರಾಜ್ಯೋತ್ಸವದಲ್ಲಿ ನಾನು ಕ್ಯಾಂಟೀನ್ ಕಂಟ್ರಾಕ್ಟರ್ ನಂಜಪ್ಪನ ಹೆಸರು ಮರೆತಿದ್ದೆ. ಆತ ಜಗಳವಾಡಲಿಲ್ಲ. ಒಂದು ವಾರ ಕಾರ್ಖಾನೆಯ ಸಾಂಬಾರಿಗೆ ಉಪ್ಪು ಬೀಳಲಿಲ್ಲ, ಅಷ್ಟೇ. ಇಡೀ ಕಾರ್ಖಾನೆ ನನ್ನನ್ನು ನೋಡಿಕೊಂಡು ಸಪ್ಪೆ ಸಾಂಬಾರು ಉಂಡಿತು. ಈ ಸಲ ಯಾರೊಬ್ಬರ ಹೆಸರೂ ಬಿಟ್ಟುಹೋಗಬಾರದೆಂದು ನಾನು ಪಣ ತೊಟ್ಟೆ. ಅದು ಗೊತ್ತಾದದ್ದೇ ತಡ, ವೇದಿಕೆ ಹತ್ತಲು ಜನ ಕ್ಯೂ ನಿಂತರು. ಯೂನಿಯನ್ ಅಧ್ಯಕ್ಷರು, ಮಾಜಿ ಅಧ್ಯಕ್ಷರು, ಪುರಸಭೆ ಸದಸ್ಯರು, ಹಾಲಿನ ಡೇರಿಯ ಕಾರ್ಯದರ್ಶಿ, ಅವರ ಜೊತೆ ಸುಮ್ಮನೆ ಬಂದವರು. ಯಾರಿಗೆ ತಾನೇ ಇಲ್ಲ ಎನ್ನಲಿ?

ಶಾಮಿಯಾನ ಮತ್ತು ಮೈಕ್ ಸೆಟ್ಟಿಗೆ ತಿ. ನರಸೀಪುರದಿಂದ ನನ್ನ ಬಾಮೈದ ಶಿವಲಿಂಗು ಬಂದ. ಅವನಿಗೆ ಅದೇ ವ್ಯಾಪಾರ.

"ಭಾವ, ವೇದಿಕೆ ಮೇಲೆ ಇಷ್ಟೊಂದು ಕುರ್ಚಿ ಹಾಕುದ್ರೆ ಆಯಮ್ಮ ಎಲ್ಲಿ ನಿಂತ್ಕೊಂಡು ಹಾಡ್ತಾಳೆ?" ಎಂದು ಕೇಳಿದ.

"ಮೂಲೆಯಲ್ಲಿ ಸ್ವಲ್ಪ ಜಾಗ ಬಿಡಪ್ಪ" ಎಂದೆ.

ಅಂದು ಮಧ್ಯಾಹ್ನ ಚಿಯೋರಿ ಬಂದಳು. ತೆಳ್ಳಗೆ, ಹಳದಿ ಅಂಗಿ ತೊಟ್ಟು, ನಮ್ಮ ಪಕ್ಕದ ಮನೆಯ ಹುಡುಗಿಯ ಹಾಗಿದ್ದಳು. ಜೊತೆಗೆ ಕೈಗಡಿಯಾರದಿಂದ ಕಣ್ಣು ಕೀಳದ ಒಬ್ಬ ಮ್ಯಾನೇಜರ್. ರಾತ್ರಿಯ ವಿಮಾನಕ್ಕೆ ಬೆಂಗಳೂರು ತಲುಪಬೇಕಾದ್ದರಿಂದ ಒಂದು ನಿಮಿಷವೂ ಹೆಚ್ಚು ನಿಲ್ಲುವಂತಿಲ್ಲ ಎಂದು ಆತ ತನಾಕಾ ಸಾಹೇಬರ ಮೂಲಕ ನನಗೆ ತಿಳಿಸಿದ. "ಚಿಂತೆ ಬೇಡ" ಎಂದು ಅಭಯ ನೀಡಿದೆ. ವೇದಿಕೆಯ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ಮಂಗಳ, ಬಾಯೊಳಗೇ ಹಾಡನ್ನು ಒಪ್ಪಿಸಿಕೊಳ್ಳುತ್ತಾ ನಿಂತಿದ್ದಳು.

ಪ್ರಾರ್ಥನೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ದೀಪ ಬೆಳಗುವುದಕ್ಕೆ ಹಿಡಿಯಿತು. ಅತಿಥಿಗೆ ಸೆಕೆಯಾಗಬಾರದೆಂದು ಶಿವಲಿಂಗು ತಂದಿಟ್ಟಿದ್ದ ದೊಡ್ಡ ಫ್ಯಾನು ಹಚ್ಚಿದ ಬತ್ತಿಗಳನ್ನೆಲ್ಲ ಆರಿಸುತ್ತಿತ್ತು. ಫ್ಯಾನ್ ನಿಲ್ಲಿಸಿದರೆ ಪುರಸಭೆ ಸದಸ್ಯರಿಗೆ ಸೆಕೆ. ಕೊನೆಗೆ ನಂಜಪ್ಪ ದೀಪಕ್ಕೆ ಅಡ್ಡವಾಗಿ ನಿಂತು ಪುಣ್ಯ ಕಟ್ಟಿಕೊಂಡ. ಆಮೇಲೆ ನಾನು ಮೈಕ್ ಹಿಡಿದೆ.

ಮೊದಲ ಹೆಸರು ಯೂನಿಯನ್ ಅಧ್ಯಕ್ಷರದು. ಅವರು ಎದ್ದು ಕೈಮುಗಿದರು. ತನಾಕಾ ಸಾಹೇಬರು ಅದನ್ನು ಜಪಾನಿಯಲ್ಲಿ ಹೇಳಿದರು. ಕೂಡಲೇ ಚಿಯೋರಿ ಎದ್ದು ನಿಂತು ಸೊಂಟದವರೆಗೂ ಬಗ್ಗಿ ನಮಸ್ಕರಿಸಿದಳು. ಅಷ್ಟು ದೊಡ್ಡ ಗಾಯಕಿ ಬಗ್ಗಿದ ಮೇಲೆ ಅಧ್ಯಕ್ಷರು ಸುಮ್ಮನೆ ಕೂರಲಾದೀತೇ? ಮತ್ತೆ ಕೈಮುಗಿದರು. ಇವರು ಕೈಮುಗಿದರೆಂದು ಅವಳು ಮತ್ತೆ ಬಗ್ಗಿದಳು. ಮೊದಲು ಯಾರು ನಿಲ್ಲಿಸಬೇಕೆಂಬುದು ಎರಡೂ ದೇಶಕ್ಕೆ ಗೊತ್ತಿರಲಿಲ್ಲ. ಒಂದೊಂದು ಹೆಸರಿಗೂ ಇದೇ ಆಯಿತು. ಜೊತೆಗೆ ಪ್ರತಿಯೊಬ್ಬರಿಗೂ ಹಾರ. ನಂಜಪ್ಪನ ಹೆಸರು ಬಂದಾಗಲಂತೂ ಆತ ದೀಪದ ಬಳಿಯಿಂದ ಎದುರಿಗೆ ಬಂದು ಉದ್ದಂಡ ನಮಸ್ಕಾರವನ್ನೇ ಹಾಕಿದ. ಅತ್ತ ದೀಪ ಆರಿತು. ಇತ್ತ ಅದಕ್ಕೆ ಹೇಗೆ ಉತ್ತರ ಕೊಡಬೇಕೆಂದು ತಿಳಿಯದೆ ಆ ಹುಡುಗಿ ಕಂಗಾಲಾಗಿ ತನಾಕಾ ಸಾಹೇಬರ ಮುಖ ನೋಡಿದಳು.

ಹೆಸರುಗಳು ಮುಗಿದವು. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಸಭಿಕರು ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟರು. ನನ್ನನ್ನು ಇಳಿಸಲು ತಟ್ಟಿದ ಚಪ್ಪಾಳೆ ಅದು ಎಂದು ಆಮೇಲೆ ಶಿವಲಿಂಗು ಹೇಳಿದ. ನಾನು ಅದನ್ನು ಮೆಚ್ಚುಗೆ ಎಂದುಕೊಂಡು ನಂಜನಗೂಡಿನ ರಸಬಾಳೆಯ ಗುಣಗಾನ ಶುರುಮಾಡಿದೆ. ಮ್ಯಾನೇಜರ್ ಗಡಿಯಾರವನ್ನು ತಟ್ಟಿ ತೋರಿಸಿದ. ಅದು ಜಪಾನಿನ ಗಡಿಯಾರವಿರಬೇಕೆಂದು ಊಹಿಸಿ, ಆ ದೇಶದ ಗಡಿಯಾರಗಳನ್ನೂ ಎರಡು ಮಾತಿನಲ್ಲಿ ಹೊಗಳಿದೆ.

ಅಷ್ಟರಲ್ಲಿ ಮಂಗಳ ಪಕ್ಕದಿಂದ ಕೈಸನ್ನೆ ಮಾಡತೊಡಗಿದಳು. ಮೊದಲು ತನ್ನ ಎದೆ ಮುಟ್ಟಿ ತೋರಿಸಿದಳು. ಆಮೇಲೆ ಮೈಕಿನ ಕಡೆ ಬೆರಳು ಮಾಡಿದಳು. ನನಗೆ ಥಟ್ಟನೆ ಹೊಳೆಯಿತು. ಅವಳ ತವರಿನವರಿಗೆ ಸ್ವಾಗತ ಕೋರುವುದನ್ನೇ ಮರೆತಿದ್ದೇನೆ! ತಕ್ಷಣ ತಪ್ಪು ತಿದ್ದಿಕೊಂಡು, ಬನ್ನೂರಿನಿಂದ ಬಂದ ಅತ್ತೆಮಾವನವರಿಗೆ, ನರಸೀಪುರದಿಂದ ಮೈಕ್ ಸಮೇತ ಬಂದ ಬಾಮೈದನಿಗೆ ಸ್ವಾಗತ ಕೋರಿದೆ. ನರಸೀಪುರ ಎಂದ ಮೇಲೆ ಸಂಗಮದ ಮಾತು ಬರದೆ ಇರುತ್ತದೆಯೇ? ಕಾವೇರಿ, ಕಪಿಲೆಯರು ಕೂಡುವ ಹಾಗೆ ಇಂದು ಭಾರತ, ಜಪಾನುಗಳು ಕೂಡುತ್ತಿವೆ ಎನ್ನುತ್ತಾ ಕಣ್ಣು ಮುಚ್ಚಿದೆ. ಭಾವುಕನಾದಾಗ ಕಣ್ಣು ಮುಚ್ಚಿಕೊಳ್ಳುವುದು ನನ್ನ ಅಭ್ಯಾಸ.

ಕಣ್ಣು ಬಿಟ್ಟಾಗ ಹೆಂಡತಿ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮ್ಯಾನೇಜರ್ ಎದ್ದ. ಚಿಯೋರಿ ಸಭೆಗೆ ನಾಲ್ಕೂ ಕಡೆ ತಿರುಗಿ ಬಗ್ಗಿ, ನನಗೂ ಒಮ್ಮೆ ಬಗ್ಗಿ, ಕಾರು ಹತ್ತಿದಳು. ಹಾಡಲೇ ಇಲ್ಲ. ತನಾಕಾ ಸಾಹೇಬರು ನನ್ನನ್ನು ನೋಡಿದ ನೋಟಕ್ಕೆ ಭಾಷಾಂತರ ಬೇಕಿರಲಿಲ್ಲ.

"ಭಾವ, ಮೈಕ್ ಆಫ್ ಮಾಡ್ಲಾ?" ಎಂದ ಶಿವಲಿಂಗು.

"ವಂದನಾರ್ಪಣೆ ಆಗಬೇಕಲ್ಲಪ್ಪ" ಎಂದೆ. ಸಾಂಬಾರಿನ ಉಪ್ಪು ನನ್ನ ಕಣ್ಣ ಮುಂದಿತ್ತು. ಖಾಲಿ ಕುರ್ಚಿಯನ್ನು ಪಕ್ಕದಲ್ಲಿಟ್ಟುಕೊಂಡು ಎಲ್ಲರ ಹೆಸರನ್ನೂ ಮತ್ತೊಮ್ಮೆ ಹೇಳಿ ವಂದಿಸಿದೆ.

ಮನೆಗೆ ಹೋಗಲು ಕಾಲೇ ಬರಲಿಲ್ಲ. ಹೆಂಡತಿ ಎಷ್ಟು ದಿನದಿಂದ ಆಸೆಪಟ್ಟು ಕಾದಿದ್ದಳೆಂದು ನೆನೆದು ನಿಜವಾಗಿ ಸಂಕಟವಾಯಿತು. ಬೈದರೆ ಬೈಸಿಕೊಳ್ಳಲು, ಅತ್ತರೆ ಸಮಾಧಾನ ಮಾಡಲು ಸಿದ್ಧನಾಗಿ ಒಳಗೆ ಹೋದೆ. ಮಂಗಳ ಅಡುಗೆಮನೆಯಲ್ಲಿ ಗುನುಗುತ್ತಾ ಅವರೆಕಾಳು ಬಿಡಿಸುತ್ತಿದ್ದಳು.

"ಕೋಪ ಬಂತಾ?" ಎಂದೆ ಮೆಲ್ಲಗೆ.

"ಬಂದಿತ್ತು. ಅದಕ್ಕೇ ಎದ್ದು ಆಟೋ ಹತ್ಕೊಂಡು ಬಂದೆ. ರೈಲ್ವೆ ಗೇಟು ಹಾಕಿತ್ತು. ಚಾಮರಾಜನಗರದ ರೈಲು."

ನಮ್ಮ ಕಾರ್ಖಾನೆಯಿಂದ ಊರಿಗೆ ಬರಬೇಕಾದರೂ, ಮೈಸೂರು ರಸ್ತೆಗೆ ಹೋಗಬೇಕಾದರೂ ಆ ಗೇಟು ದಾಟಲೇಬೇಕು. ನನಗೆ ಏನೋ ಅನುಮಾನವಾಯಿತು.

"ನಿಂತಿದ್ದಂಗೇ ಹಿಂದ್ಗಡೆ ಕಾರು ಬಂತು. ಯೋಶಿಕೊನೂ ಅದರೊಳಗೇ ಇದ್ರು. ನನ್ನ ನೋಡಿ ಕೈ ಬೀಸುದ್ರು. ಆಯಮ್ಮ ಕೆಳಗಿಳಿದು ಬಂದು ನನ್ನ ಕೈ ಹಿಡ್ಕೊಂಡ್ಳು ಕಣ್ರೀ. ಮೈಕೂ ಇಲ್ಲ, ಮಾಲೆನೂ ಇಲ್ಲ. ಅಲ್ಲೇ ನಿಂತ್ಕೊಂಡು ಇಬ್ರೂ ಹಾಡುದೋ."

"ಒಂದು ಚರಣವಾ?"

"ಪೂರ್ತಿ."

ಅವಳು ಹೇಳಿದ್ದು ನಿಜವೇ ಎಂದು ಮಾರನೆಯ ದಿನ ಊರೇ ಸಾಕ್ಷಿ ನುಡಿಯಿತು. ಗೇಟಿನಲ್ಲಿ ಸಿಕ್ಕಿಕೊಂಡಿದ್ದ ಕಬ್ಬಿನ ಲಾರಿಯವರು ಕೇಳಿದ್ದರು. ಬಿಳಿಗೆರೆಯ ಬಸ್ಸಿನವರು ಕೇಳಿದ್ದರು. ಬಾಳೆಹಣ್ಣಿನ ಗಾಡಿಯವನು ಜಪಾನಮ್ಮನ ಕೈಗೆ ಒಂದು ಚಿಪ್ಪು ರಸಬಾಳೆ ಕೊಟ್ಟು ಕಳಿಸಿದ್ದನಂತೆ. ಗೇಟಿನವನಂತೂ ನನ್ನ ಸೈಕಲ್ ನಿಲ್ಲಿಸಿ ಹೇಳಿದ: "ರೈಲು ಓದ್ಮೇಲೂ ನಾನು ಗೇಟು ಎತ್ತನಿಲ್ಲ ಸಾ. ಹಾಡು ಮುಗೀಲಿ ಅಂತ ಬುಟ್ಟೆ. ಒಬ್ಬನಾದ್ರೂ ಹಾರನ್ ಹೊಡೀನಿಲ್ಲ. ಅಮ್ಮಾವ್ರು ಏನ್ ಹಾಡುದ್ರು ಸಾ! ನೀವೆಲ್ಲಿದ್ರಿ?"

ನಾನು ವಂದನಾರ್ಪಣೆಯಲ್ಲಿದ್ದೆ.

ಹೀಗೆ ಇಡೀ ನಂಜನಗೂಡು ಕೇಳಿದ ಹಾಡನ್ನು ಕೇಳದೆ ಉಳಿದವರು ನಾನು ಮತ್ತು ನಾನು ಸ್ವಾಗತ ಕೋರಿದ ಗಣ್ಯರು ಮಾತ್ರ. ಆ ಭಾನುವಾರ ನಾಚಿಕೆ ಬಿಟ್ಟು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತೆ.

"ಮಂಗಳಾ, ಆ ಹಾಡನ್ನು ನನಗೊಮ್ಮೆ ಪೂರ್ತಿಯಾಗಿ ಹಾಡಿ ತೋರಿಸು."

ಅವಳು ಸೆರಗು ಸರಿಮಾಡಿಕೊಂಡು, ಸೌಟನ್ನು ಮೈಕಿನ ಹಾಗೆ ಹಿಡಿದು ನಿಂತಳು.

"ಒಲೆ ಮೇಲೆ ಆಸೀನರಾಗಿರುವ ಮಾನ್ಯ ಕುಕ್ಕರ್‌ರವರೇ, ಮೂಲೇಲಿರುವ ಒರಳುಕಲ್ಲಿನವರೇ, ಮಾಜಿ ಒರಳುಕಲ್ಲಿನವರೇ, ಅವರ ಜೊತೆ ಸುಮ್ನೆ ಬಂದಿರುವ ಒನಕೆಯವರೇ..."

ಒಂದು ಪಾತ್ರೆಯನ್ನೂ ಬಿಡಲಿಲ್ಲ. ಪ್ರತಿಯೊಂದಕ್ಕೂ ಸೊಂಟ ಬಗ್ಗಿಸಿ ನಮಸ್ಕರಿಸಿದಳು. ಉಪ್ಪಿನ ಜಾಡಿಗೆ ಎರಡು ಸಲ. ಅಷ್ಟರಲ್ಲಿ ಕುಕ್ಕರ್ ಕೂಗಿತು. ಅವಳು ಒಲೆ ಆರಿಸಿ, ಇಲ್ಲದ ಕೈಗಡಿಯಾರವನ್ನು ನೋಡಿಕೊಂಡಳು.

"ಟೈಮ್ ಆಯ್ತು ಕಣ್ರೀ. ಹಾಡು ಆಯ್ತು ಅಂತ ತಿಳ್ಕೊಳಿ. ಈಗ ವಂದನಾರ್ಪಣೆ ನಿಮ್ದು" ಎಂದು ಸೌಟನ್ನು ನನ್ನ ಕೈಗೆ ಕೊಟ್ಟಳು.

ನಾನು ಅದನ್ನು ತೆಗೆದುಕೊಂಡು, ಎದ್ದು ನಿಂತು, ಗಂಟಲು ಸರಿಮಾಡಿಕೊಂಡೆ.