ಕೂತು ಉಣ್ಣದ ಭಾವನ ಜೊತೆ ಎರಡು ದೇಶ

ನಮ್ಮ ಭಾವ ಕೂತು ಊಟ ಮಾಡಿದ್ದನ್ನು ಕಣ್ಣಾರೆ ಕಂಡವರು ಈ ಅಬುಧಾಬಿಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು. ನಾನು ಇಲ್ಲಿಗೆ ಬಂದು ಹದಿನೆಂಟು ವರ್ಷವಾಯಿತು, ಕಂಡಿಲ್ಲ. ಅವರನ್ನು ಕಟ್ಟಿಕೊಂಡ ನನ್ನ ಅಕ್ಕ ಇಪ್ಪತ್ತೆಂಟು ವರ್ಷಗಳಿಂದ ಕಂಡಿಲ್ಲ. ಹಾಗಂತ ಅವರೇನು ಗಾಳಿ ಕುಡಿದು ಬದುಕುವ ಋಷಿಯೇ? ಹೊಟ್ಟೆ ನೋಡಿದರೇ ಗೊತ್ತಾಗುತ್ತದೆ, ಎಲ್ಲೋ ಯಾವಾಗಲೋ ಭರ್ಜರಿಯಾಗಿಯೇ ತಿನ್ನುತ್ತಾರೆ. ಎಲ್ಲಿ, ಯಾವಾಗ ಎನ್ನುವುದು ಮಾತ್ರ ದೇವರಿಗೂ ಅವರ ಅಡುಗೆಮನೆಯ ಸಿಂಕಿಗೂ ಬಿಟ್ಟ ವಿಷಯ.

ಭಾವನಿಗೆ ಇರುವುದು ಒಂದೇ ಚಟ, ಬಡಿಸುವುದು. ಮುಸಫ್ಫಾದ ವರ್ಕ್‌ಶಾಪೊಂದರಲ್ಲಿ ಫೋರ್‌ಮನ್ ಆಗಿರುವ ಅವರು ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸು ಹತ್ತಿ ಹೋಗಿ ಸಂಜೆಯವರೆಗೆ ಕಬ್ಬಿಣದ ಜೊತೆ ಗುದ್ದಾಡಿ ಬರುತ್ತಾರೆ. ಬಂದು ಸ್ನಾನ ಮಾಡಿದ ಮೇಲೆ ಕೈಗೆ ಸೌಟು ಸಿಗದಿದ್ದರೆ ಚಡಪಡಿಸುತ್ತಾರೆ. ಮನೆಗೆ ಹೋದವರನ್ನು ಕೂರಿಸಿ, ಅನ್ನದ ಮೇಲೆ ಸಾರು, ಸಾರಿನ ಮೇಲೆ ಮತ್ತೆ ಅನ್ನ. ಬೇಡವೆಂದು ತಟ್ಟೆಗೆ ಕೈ ಅಡ್ಡ ಹಿಡಿದಿರೋ, ಬೆರಳಿನ ಸಂದಿಯಲ್ಲೇ ಬಡಿಸಿಬಿಡುತ್ತಾರೆ!

ಹೋದ ವರ್ಷ ಬರ್ ದುಬೈಯಲ್ಲಿ ಊರಿನವರೊಬ್ಬರ ಮಗಳ ಆರತಕ್ಷತೆ. ಭಾವ ಕೋಟು ಹಾಕಿ, ಉಡುಗೊರೆ ಹಿಡಿದು, ಅಪ್ಪಟ ಅತಿಥಿಯಾಗಿ ಹೋದವರು. ನಾವು ಐದು ನಿಮಿಷ ಕಣ್ಣು ತಪ್ಪಿಸಿದ್ದಷ್ಟೆ. ನೋಡುತ್ತೇವೆ, ತೋಳು ಮಡಚಿ, ಟೈಯನ್ನು ಹೆಗಲ ಹಿಂದಕ್ಕೆ ಎಸೆದು, ಸಾಂಬಾರಿನ ಬಕೆಟ್ಟಿನೊಂದಿಗೆ ಪಂಕ್ತಿಯ ನಡುವೆ ಓಡಾಡುತ್ತಿದ್ದಾರೆ. ಮೈಸೂರಿನ ಕಡೆಯ ಐಟಿ ಸಾಹೇಬರೊಬ್ಬರು ಆ ಚುರುಕು ಕಂಡು ಮೆಚ್ಚಿ, ತಮ್ಮ ಮಗನ ಉಪನಯನಕ್ಕೂ ನೀವೇ ಆಗಬೇಕು, ಕಾರ್ಡ್ ಕೊಡಿ ಎಂದರು. ಭಾವ ವರ್ಕ್‌ಶಾಪಿನ ಕಾರ್ಡನ್ನೇ ಕೊಟ್ಟರು. ಅಷ್ಟಕ್ಕೇ ಬಿಟ್ಟರೆ? ಕರೆ ಬಂದ ಮೇಲೆ ಉಪನಯನಕ್ಕೆ ಹೋಗಿ ನೂರು ಜನಕ್ಕೆ ಬಡಿಸಿಯೂ ಬಂದರು.

ನೀವು ನಗುತ್ತಿರಬಹುದು. ಅಕ್ಕ ನಗುವುದಿಲ್ಲ. ದಿನಾ ರಾತ್ರಿ ಊಟದ ಮೇಜಿನಲ್ಲಿ ಅವಳೊಬ್ಬಳೇ ಕೂರುತ್ತಾಳೆ, ಭಾವ ಪಕ್ಕದಲ್ಲಿ ನಿಂತು ಬಡಿಸುತ್ತಾರೆ. ಅವಳದಾದ ಮೇಲೆ ತಾವು ಅಡುಗೆಮನೆಗೆ ಹೋಗಿ ಸಿಂಕಿನ ಪಕ್ಕ ನಿಂತು ಉಣ್ಣುತ್ತಾರೆ. ನೀರು ಬೇಕೆಂಬ ನೆಪದಲ್ಲಿ ಅಕ್ಕ ಒಳಗೆ ಇಣುಕಿದರೆ ತಟ್ಟೆ ಮಿಕ್ಸಿಯ ಹಿಂದೆ ಸರಿಯುತ್ತದೆ. ನೀವು ಉಣ್ಣದೆ ನಾನೂ ಉಣ್ಣುವುದಿಲ್ಲ ಎಂದು ಹಟ ಹಿಡಿದು ಕೂತ ದಿನ ಇಬ್ಬರೂ ಉಪವಾಸ ಮಲಗಿದರು. ಮಗಳು ಸಣ್ಣವಳಿರುವವರೆಗೆ ಅವಳಾದರೂ ಪಕ್ಕದಲ್ಲಿ ಇರುತ್ತಿದ್ದಳು. ಅವಳೀಗ ದುಬೈಯಲ್ಲಿ ಕೆಲಸದಲ್ಲಿದ್ದಾಳೆ.

ಆ ಮಗಳೇ ಅಪ್ಪ ಅಮ್ಮನಿಗೆಂದು ಇಟಲಿ, ಸ್ಪೇನ್ ಪ್ರವಾಸಕ್ಕೆ ಟಿಕೆಟ್ ಮಾಡಿದ್ದು. ಊರು ನೋಡುವುದಕ್ಕಿಂತ ಹೆಚ್ಚಾಗಿ ಊರೂರಿನ ಊಟ ಉಣ್ಣುವ ಪ್ರವಾಸ! ಯಾರಿಗೆ ಯಾವ ಉಡುಗೊರೆ ನೋಡಿ. ಅಕ್ಕ ಹೊರಡುವ ಮೊದಲೇ ಭಾವನ ಮುಂದೆ ಒಂದು ಷರತ್ತು ಇಟ್ಟಳು.

"ಒಂದು ಊಟ, ಒಂದೇ ಒಂದು. ನನ್ನ ಎದುರು ಕೂತು, ನನ್ನ ಜೊತೆ ಶುರು ಮಾಡಿ, ನನ್ನ ಜೊತೆ ಮುಗಿಸ್ಬೇಕು. ಆಗ್ತದಾ?"

"ಅಷ್ಟೇಯಾ?" ಎಂದರು ಭಾವ. ಸೇತುವೆ ಕಟ್ಟಿಕೊಡಿ ಎಂದಿದ್ದರೂ ಇಷ್ಟು ಸಲೀಸಾಗಿ ಒಪ್ಪುತ್ತಿದ್ದರೇನೋ. ನನ್ನ ಗಂಡನಿಗೆ ರಜೆ ಸಿಗಲಿಲ್ಲ. ಖಲೀಫಾ ಸಿಟಿಯ ಮನೆಯನ್ನು ಅವರಿಗೊಪ್ಪಿಸಿ ನಾನು ಜೊತೆಗೆ ಹೊರಟೆ. ಹೇಳುವುದಕ್ಕೆ ನಾನು ದಾರಿ ನೋಡಿಕೊಳ್ಳುವವಳು. ನಿಜವಾಗಿ ಅಕ್ಕನ ಕಡೆಯ ಸಾಕ್ಷಿ.

ವಿಮಾನದಲ್ಲೇ ಕೆಲಸ ಮುಗಿಯಿತೆಂದುಕೊಂಡೆವು. ಸೊಂಟಕ್ಕೆ ಬೆಲ್ಟು, ಎದುರಿಗೆ ಟ್ರೇ, ಎಲ್ಲಿಗೆ ಓಡುತ್ತಾರೆ? ಭಾವ ಗಗನಸಖಿಯ ಕೈಯಿಂದ ಟ್ರೇ ಇಸಿದುಕೊಂಡು ಕಿಟಕಿಯ ಪಕ್ಕದ ನನಗೆ ಒಂದು, ಅಕ್ಕನಿಗೆ ಒಂದು ದಾಟಿಸಿ, ಆಚೆ ಸಾಲಿನ ಅಜ್ಜಿಗೆ ಬೆಣ್ಣೆಯ ಡಬ್ಬಿ ತೆಗೆದುಕೊಟ್ಟು, ಹಿಂದಿನವರಿಗೆ ನೀರು ಹೇಳಿ, ತಮ್ಮ ಟ್ರೇಯ ಮುಚ್ಚಳವನ್ನು ತೆಗೆಯಲೇ ಇಲ್ಲ. ಅಕ್ಕನಿಗೆ ಜೊಂಪು ಹತ್ತಿ ಎಚ್ಚರವಾಗುವಾಗ ಟ್ರೇ ಖಾಲಿಯಾಗಿತ್ತು.

ರೋಮಿನಲ್ಲಿ ಹಳೆಯ ಗಲ್ಲಿಯೊಂದರ ಊಟದ ಮನೆಗೆ ಹೋದೆವು. ಅಲ್ಲಿ ಎಲ್ಲವನ್ನೂ ಒಟ್ಟಿಗೆ ತರುವ ಪದ್ಧತಿಯಿಲ್ಲ. ಮೊದಲು ಪಾಸ್ತಾ, ಅದು ಮುಗಿದ ಮೇಲೆ ಮಾಂಸ, ಸೊಪ್ಪು ಬೇರೆ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ನಿದ್ದೆ ತೆಗೆಯುವಷ್ಟು ಪುರುಸೊತ್ತು. ಭಾವನಿಗೆ ಅದು ತಡೆಯಲಾಗಲಿಲ್ಲ. ಪಕ್ಕದ ಮೇಜಿನ ಮುದುಕ ದಂಪತಿ ಪಾಸ್ತಾ ಮುಂದಿಟ್ಟುಕೊಂಡು ತುರಿದ ಚೀಸಿಗಾಗಿ ಆಚೆ ಈಚೆ ನೋಡುತ್ತಿದ್ದರು. ಭಾವ ಎದ್ದು ನಮ್ಮ ಚೀಸಿನ ಬಟ್ಟಲು ಒಯ್ದು ಅವರಿಗೆ ಹಾಕಿಬಂದರು. ಅದರ ಪಕ್ಕದ ಮೇಜಿನವರು ಸುಮ್ಮನಿದ್ದಾರೆಯೇ? ಅವರೂ ಕೈ ಎತ್ತಿದರು. ದಪ್ಪ ಮೀಸೆಯ ವೇಟರ್ ಸೊಂಟಕ್ಕೆ ಕೈಯಿಟ್ಟು ಎರಡು ನಿಮಿಷ ಇದನ್ನೇ ನೋಡಿದ. ಜಗಳ ಬಂತೆಂದು ನಾನು ಚೀಲ ಹೆಗಲಿಗೇರಿಸಿದೆ. ಅವನು ಒಳಗೆ ಹೋಗಿ ಇನ್ನೊಂದು ತುಂಬಿದ ಬಟ್ಟಲು ತಂದು ಭಾವನ ಕೈಗಿಟ್ಟ. ಬಡಿಸುವವನ ಕಷ್ಟ ಬಡಿಸುವವನಿಗೇ ಗೊತ್ತು! ಎಂಟು ಮೇಜು ಮುಗಿಸಿ ಭಾವ ವಾಪಸು ಬರುವಾಗ, ಅವರಿಗಾಗಿ ಕಾದ ಅಕ್ಕನ ಪಾಸ್ತಾ ತಣ್ಣಗಾಗಿ ಗಟ್ಟಿಯಾಗಿತ್ತು. ಅವಳು ಅದನ್ನೇ ತಿಂದಳು.

ಫ್ಲಾರೆನ್ಸಿನಲ್ಲಿ ಸಂಸ್ಕೃತಿ ನೋಡುವ ದಿನ. ಹಳೆಯ ಮಠವೊಂದರ ಊಟದ ಹಜಾರದಲ್ಲಿ, ಗೋಡೆಯ ತುಂಬ ಯೇಸು ಮತ್ತು ಶಿಷ್ಯರ ಕೊನೆಯ ಊಟದ ಚಿತ್ರ. ಜನ ಬಣ್ಣ ನೋಡುತ್ತಿದ್ದರು, ಬೆಳಕು ನೋಡುತ್ತಿದ್ದರು. ಭಾವ ಪಂಕ್ತಿ ನೋಡಿದರು. ಎಲ್ಲರೂ ಮೇಜಿನ ಒಂದೇ ಬದಿಗೆ ಸಾಲಾಗಿ ಕೂತಿದ್ದಾರೆಂದರೆ ಈಚೆ ಬದಿ ಬಡಿಸುವವನಿಗೆ ಬಿಟ್ಟದ್ದು, ಇದು ನಮ್ಮ ಕ್ರಮವೇ ಎಂದು ಅವರಿಗೆ ಬಹಳ ಸಂತೋಷ. ಈಚೆ ಬದಿಯಲ್ಲಿ ಒಬ್ಬನೇ ಒಬ್ಬ ಸ್ಟೂಲಿನ ಮೇಲೆ ಕೂತಿದ್ದ. ಪಾಪ, ಬಡಿಸಿ ಬಡಿಸಿ ಸುಸ್ತಾಗಿ ಕೂತಿರಬೇಕು ಎಂದರು. ಅವನು ಬಡಿಸುವವನಲ್ಲ, ಗುರುವಿಗೆ ದ್ರೋಹ ಮಾಡಿದವನು ಎಂದು ನಾನು ಗೋಡೆಯ ಫಲಕ ಓದಿ ಹೇಳಿದೆ.

ಭಾವ ತಲೆಯಾಡಿಸಿದರು. "ನೋಡಿದ್ಯಾ? ಬಡಿಸುವ ಬದಿಯವ ಕೂತ್ರೆ ಜನಕ್ಕೆ ಸಂಶಯ ಬಂದೇ ಬರ್ತದೆ ಮಾರಾಯ್ತಿ."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ. ಹೊರಗಿನ ಅಂಗಳದ ಬೆಂಚಿನಲ್ಲಿ, ಅಕ್ಕ ಕೈಕಾಲು ತೊಳೆಯಲು ಹೋಗಿದ್ದಾಗ, ಹದಿನೆಂಟು ವರ್ಷಗಳಲ್ಲಿ ಮೊದಲ ಬಾರಿ ತಾವು ಕೂತು ಉಣ್ಣದ್ದರ ಕಥೆ ಹೇಳಿದರು. ಗಲ್ಫಿಗೆ ಬಂದ ಹೊಸತರಲ್ಲಿ, ಮದುವೆಗೂ ಮೊದಲು, ಮುಸಫ್ಫಾದ ಒಂದು ರೂಮಿನಲ್ಲಿ ಹದಿನಾಲ್ಕು ಮಂದಿಯಂತೆ. ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ, ದಿನಾ ಜಗಳ. ಅವನಿಗೆ ಬಂಗುಡೆಯ ನಡು ತುಂಡು ಬಿತ್ತು, ನನಗೆ ಬಾಲ ಬಿತ್ತು ಎಂದು ದೊಡ್ಡ ದೊಡ್ಡ ಗಂಡಸರು ಕೈ ಕೈ ಮಿಲಾಯಿಸುತ್ತಿದ್ದರು. ಕೊನೆಗೆ ಸೌಟು ಭಾವನ ಕೈಗೆ ಬಂತು. ಅವರದು ಅಳತೆಯ ಕೈ, ಹದಿನಾಲ್ಕು ತಟ್ಟೆಗೂ ಒಂದೇ ಸಮ ಬೀಳುತ್ತಿತ್ತು. ಬಡಿಸುವವ ಎಲ್ಲರದೂ ಆದ ಮೇಲೆ ಉಳಿದದ್ದನ್ನು ಉಣ್ಣಬೇಕು, ಆಗ ಮಾತ್ರ ಜನ ನಂಬುತ್ತಾರೆ. ಉಳಿಯದ ದಿನ ಖುಬ್ಬೂಸ್ ರೊಟ್ಟಿ, ಮೇಲೊಂದು ಲೋಟ ನೀರು. ಜಗಳ ನಿಂತಿತು. ಒಂಬತ್ತು ವರ್ಷ ಹಾಗೇ ನಡೆಯಿತು.

"ಈಗ ಯಾವ ಕೊರತೆಯೂ ಇಲ್ಲ, ನಂಗೂ ಗೊತ್ತುಂಟು," ಎಂದರು. "ಆದ್ರೆ ತಟ್ಟೆ ಎದುರು ಕೂತ ಕೂಡ್ಲೇ ಯಾರಿಗೋ ಕಡ್ಮೆ ಬಿತ್ತು ಅಂತ ಅನ್ನಿಸ್ತದೆ. ಗಂಟ್ಲಲ್ಲಿ ಇಳಿಯುದಿಲ್ಲ."

ಅಕ್ಕ ಯಾವಾಗಲೋ ಬಂದು ಕಂಬದ ಪಕ್ಕ ನಿಂತಿದ್ದಳು. ಪೂರ್ತಿ ಕೇಳಿಸಿಕೊಂಡಿದ್ದಾಳೆಂದು ಮುಖ ನೋಡಿದರೇ ತಿಳಿಯಿತು. ಇನ್ನು ಕರಗಿಹೋಗುತ್ತಾಳೆ, ಷರತ್ತು ಗಿರತ್ತು ಖಲಾಸ್ ಎಂದುಕೊಂಡೆ. ನನ್ನ ಅಕ್ಕನನ್ನು ನನಗಿಂತ ಚೆನ್ನಾಗಿ ಬಲ್ಲವರು ಯಾರು ಎಂಬ ನನ್ನ ಜಂಬ ಅಲ್ಲಿಗೆ ಮುಗಿಯಿತು.

"ನನಗೆ ಕಡ್ಮೆ ಬಿದ್ದಿದೆ," ಎಂದಳು ಅಕ್ಕ. "ಇಪ್ಪತ್ತೆಂಟು ವರ್ಷ ಒಬ್ಳೇ ಉಂಡಿದ್ದೇನೆ. ನೀವು ಪಕ್ಕದಲ್ಲೇ ನಿಂತಿರುವಾಗ ಒಬ್ಳೇ."

ಆ ದಿನ ಮಧ್ಯಾಹ್ನ ನಾವು ಮೂವರೂ ಐಸ್‌ಕ್ರೀಮಿನಲ್ಲೇ ಹೊಟ್ಟೆ ತುಂಬಿಸಿಕೊಂಡೆವು. ಅದನ್ನು ನಡೆಯುತ್ತಾ ತಿನ್ನಬಹುದಲ್ಲ, ಯಾರೂ ಕೂರಬೇಕಿರಲಿಲ್ಲ.

ಬಾರ್ಸಿಲೋನಾಕ್ಕೆ ಬರುವಾಗ ಅಕ್ಕನ ಹಟ ಬೇರೆ ರೂಪ ತಾಳಿತ್ತು. ಭಾವ ಕೂರುವವರೆಗೆ ತಾನೂ ಕೂರುವುದಿಲ್ಲವಂತೆ. ಸಂಜೆಯ ಹೊತ್ತು ಇದರಿಂದ ತೊಂದರೆಯಾಗಲಿಲ್ಲ, ಏಕೆಂದರೆ ಅಲ್ಲಿ ಊರಿಗೆ ಊರೇ ಅಂಗಡಿಯ ಕಟ್ಟೆಗೆ ಒರಗಿ ನಿಂತು, ಸಣ್ಣ ಸಣ್ಣ ತಟ್ಟೆಗಳಲ್ಲಿ ಆಲಿವ್, ಹುರಿದ ಮೀನು, ಬಟಾಟೆ ತಿನ್ನುತ್ತದೆ. ಭಾವ ಕಟ್ಟೆಯಿಂದ ಹಿಂದಿನವರಿಗೆ ತಟ್ಟೆ ದಾಟಿಸಿ ದಾಟಿಸಿ ಧನ್ಯರಾದರು. ಗ್ರಹಚಾರ ಕಾದಿದ್ದು ಮಾರನೆಯ ಬೆಳಗ್ಗೆ, ಹೋಟೆಲಿನ ತಿಂಡಿಯ ಹಾಲಿನಲ್ಲಿ. ಭಾವ ಅಕ್ಕನಿಗೆ ಕುರ್ಚಿ ಎಳೆದುಕೊಟ್ಟರು. ಅಕ್ಕ ಅದನ್ನು ಭಾವನ ಕಡೆಗೆ ತಳ್ಳಿದಳು. ನೀನು ಕೂರು, ನೀವು ಕೂರಿ ಎಂದು ಕುರ್ಚಿ ಮೇಜಿಗೆ ಮೂರು ಸುತ್ತು ಬಂತು. ನೆಂಟರ ಮನೆಯಲ್ಲಿ ಮೊದಲ ಪಂಕ್ತಿಗೆ ಎಬ್ಬಿಸುವಾಗ ನಡೆಯುವ ಉಪಚಾರವೇ ಇದು, ಆದರೆ ಬಾರ್ಸಿಲೋನಾದವರಿಗೆ ಏನು ಗೊತ್ತು? ಮ್ಯಾನೇಜರ್ ಓಡಿಬಂದು, ಕುರ್ಚಿ ಸರಿಯಿಲ್ಲವೇ ಎಂದು ಕೇಳಿ ಕೈ ಮುಗಿಯುವುದೊಂದು ಬಾಕಿ. ಹೊಸ ಕುರ್ಚಿ ಎರಡು ಬಂದವು. ಒಟ್ಟು ಐದು ಕುರ್ಚಿಯ ನಡುವೆ ಗಂಡ ಹೆಂಡತಿ ನಿಂತೇ ಕಾಫಿ ಕುಡಿದರು. ನಾನು ಒಬ್ಬಳು ಕೂತು ಮೂವರ ಪಾಲಿನ ಮೊಟ್ಟೆ ತಿಂದೆ.

ಉಳಿದದ್ದು ವಲೆನ್ಸಿಯಾ ಒಂದೇ. ಮರುದಿನ ವಾಪಸು ಅಬುಧಾಬಿ. ಅಕ್ಕ ರೈಲಿನಲ್ಲಿ ಕಿಟಕಿಯಾಚೆಯ ಕಿತ್ತಳೆ ತೋಟಗಳನ್ನು ನೋಡುತ್ತಾ ಕೂತಳು. ಷರತ್ತಿನ ಮಾತು ಎತ್ತಲಿಲ್ಲ. ಅವಳು ಜಗಳವಾಡಿದರೆ ನನಗೆ ಭಯವಿಲ್ಲ, ಸುಮ್ಮನಾದರೆ ಭಯ.

ಊರ ಹೊರಗಿನ ತೋಟದ ಮನೆಯೊಂದರಲ್ಲಿ ಪಾಯೆಯಾ ಊಟ. ಮಾಡುವವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ, ಮಾತು ತಿಳಿಸಲು ಒಬ್ಬಳು ಗೈಡ್, ನಮ್ಮ ಹಾಗೇ ಬಂದ ಗಂಡ ಹೆಂಡತಿ ಇಬ್ಬರು, ನಾವು ಮೂವರು. ಕಿತ್ತಳೆ ಸೌದೆಯ ಬೆಂಕಿಯ ಮೇಲೆ, ಎರಡು ಹಿಡಿಕೆಯ ಅಗಲವಾದ ಚಪ್ಪಟೆ ಬಾಣಲೆಯಲ್ಲಿ ಅಕ್ಕಿ, ಕೋಳಿ, ಬೀನ್ಸ್, ಕೇಸರಿ. ಭಾವ ಬಾಣಲೆಯ ಅಂಚು ಬಡಿದು ನೋಡಿ ಶೀಟಿನ ದಪ್ಪ ಹೇಳಿದರು. ಅಜ್ಜಿಯ ಮಾತು ಇವರಿಗೆ ಗೊತ್ತಿಲ್ಲ, ಇವರ ಮಾತು ಅಜ್ಜಿಗೆ ಗೊತ್ತಿಲ್ಲ, ಆದರೂ ಒಂದು ಗಂಟೆ ಇಬ್ಬರೂ ಸೇರಿ ಬೆಂಕಿ ನೋಡಿಕೊಂಡರು.

ಬಾಣಲೆಯನ್ನು ತಂದು ದುಂಡು ಮೇಜಿನ ನಡುವೆ ಇಟ್ಟದ್ದೇ ತಡ, ಭಾವ ಸೌಟು ಹುಡುಕಿದರು. ಸೌಟಿರಲಿಲ್ಲ. ತಟ್ಟೆಗಳೂ ಇರಲಿಲ್ಲ. ಒಬ್ಬೊಬ್ಬರ ಎದುರಿಗೆ ಒಂದು ಮರದ ಚಮಚ, ಅಷ್ಟೆ. ಬಾಣಲೆಯಿಂದಲೇ ತಿನ್ನಬೇಕು, ತಮ್ಮ ಎದುರಿನ ಅಂಚಿನಿಂದ ನಡುವಿನ ಕಡೆಗೆ, ಪಕ್ಕದವರ ಪಾಲಿಗೆ ಕೈ ಹಾಕದೆ. ಅಬುಧಾಬಿಯಲ್ಲಿ ಒಂದೇ ಹರಿವಾಣದ ಸುತ್ತ ಕೂತು ಅರಬರ ಮಾಂಸದನ್ನ 'ಮಂದಿ' ತಿನ್ನುವಾಗಲೂ ಭಾವ ಉಳಿದವರಿಗೆ ಮಾಂಸ ಮುರಿದು ಹಾಕುತ್ತಾ ಪಾರಾಗುತ್ತಿದ್ದರು. ಇಲ್ಲಿ ಅದಕ್ಕೂ ದಾರಿಯಿಲ್ಲ. ಅದಕ್ಕಿಂತ ದೊಡ್ಡ ವಿಷಯ, ಅಡುಗೆ ಮಾಡಿದ ಅಜ್ಜಿಯೇ ಎಲ್ಲರಿಗಿಂತ ಮೊದಲು ಕುರ್ಚಿ ಎಳೆದು ಕೂತುಬಿಟ್ಟಿದ್ದರು.

ನೀವು ಶುರು ಮಾಡಿ, ನಾನು ಆಮೇಲೆ ತಿನ್ನುತ್ತೇನೆ ಎಂದು ಭಾವ ಗೈಡಿನ ಮೂಲಕ ಹೇಳಿಸಿದರು. ಅಜ್ಜಿ ತಲೆಯಲ್ಲಾಡಿಸಿದರು. ಎಲ್ಲರೂ ಕೂರುವವರೆಗೆ ಇಲ್ಲಿ ಯಾರೂ ಚಮಚ ಎತ್ತುವುದಿಲ್ಲವಂತೆ. ಹಾಗೆಂದು ಕೈಯನ್ನು ಮಡಿಲಲ್ಲಿಟ್ಟು ಕಾದರು. ನಾವೂ ಕಾದೆವು. ಆಚೆಯ ದಂಪತಿ ಅನ್ನವನ್ನೂ ಭಾವನನ್ನೂ ನೋಡುತ್ತಾ ಎಂಜಲು ನುಂಗಿದರು. ತಮ್ಮಿಂದಾಗಿ ಆರು ಮಂದಿ ಹಸಿದು ಕೂತಿದ್ದಾರೆ! ಇಷ್ಟು ಕಾಲದಲ್ಲಿ ಯಾರೂ ಭಾವನನ್ನು ಇಂಥ ಪಾಪಕ್ಕೆ ಗುರಿಮಾಡಿರಲಿಲ್ಲ.

ಅವರು ಕೂತರು. ಅಕ್ಕನ ಎದುರಿಗೆ, ಕುರ್ಚಿಯ ತುದಿಯಲ್ಲಿ, ಬಸ್ಸಿನಲ್ಲಿ ಇನ್ಯಾರದೋ ಸೀಟಿನಲ್ಲಿ ಕೂತವರಂತೆ ಕೂತರು. ಒಂದು ಕೋಳಿಯ ತುಂಡನ್ನು ಮೆಲ್ಲಗೆ ಅಕ್ಕನ ಕಡೆಗೆ ತಳ್ಳಹೋದಾಗ ಅಜ್ಜಿ ಚಮಚದಿಂದ ಅವರ ಚಮಚಕ್ಕೆ ಮೊಟಕಿದರು. ಇನ್ನು ತಿನ್ನದೆ ಉಪಾಯವಿರಲಿಲ್ಲ. ಒಂದು ಚಮಚ ಅನ್ನ ಬಾಯಿಗಿಟ್ಟುಕೊಂಡರು. ಇಟ್ಟುಕೊಂಡು ಕಣ್ಣು ಮುಚ್ಚಿದರು.

ನಾನು ಗಬಗಬ ತಿನ್ನುತ್ತಿದ್ದೆ. ಪಕ್ಕದಲ್ಲಿ ಅಕ್ಕ ಎರಡು ಚಮಚ ತಿಂದವಳು ನಿಲ್ಲಿಸಿಬಿಟ್ಟಿದ್ದಳು.

"ಕಣ್ಣು ಮುಚ್ಚಿ ತಿಂತಾರೆ," ಎಂದಳು, ನನಗೆ ಮಾತ್ರ ಕೇಳುವಂತೆ. "ನಂಗೆ ಗೊತ್ತೇ ಇರ್ಲಿಲ್ಲ." ಅವರ ಇನ್ನೊಂದು ತುತ್ತು ನೋಡಿ, "ಎಡಗಡೆಯಲ್ಲಿ ಮಾತ್ರ ಅಗಿತಾರೆ ನೋಡು. ಬಲಗಡೆ ಹಲ್ಲು ನೋಯ್ತದೆ ಕಾಣ್ತದೆ. ಎಷ್ಟು ವರ್ಷದಿಂದಲೋ ಏನೋ."

ತಮಾಷೆಯೆಂದು ನಾನು ಊರೆಲ್ಲ ಹೇಳಿಕೊಂಡು ತಿರುಗಿದ ವಿಷಯದ ಒಳಗೆ ನನ್ನ ಅಕ್ಕ ಇಷ್ಟು ವರ್ಷ ಒಂಟಿಯಾಗಿ ಕೂತಿದ್ದಳು. ನನಗೆ ನಾಚಿಕೆಯಾಯಿತು. ಭಾವ ಮಾತ್ರ ಯಾವುದರ ಪರಿವೆಯೂ ಇಲ್ಲದೆ ತಿನ್ನುತ್ತಾ ಹೋದರು. ತಳಕ್ಕೆ ಹಿಡಿದಿದ್ದ ಸೀಕಲನ್ನೂ ಕೆರೆದು ತಿಂದು ಕಣ್ಣು ತೆರೆದರು. ಅವರ ಪಾಲು ಮುಗಿದಿತ್ತು. ಎದುರಿಗೆ ಅಕ್ಕನ ಪಾಲು ಹಾಗೇ ಇತ್ತು. ಅವರು ಅವಸರದಲ್ಲಿ ಏಳಹೋದರು, ಅರ್ಧ ಎದ್ದೂ ಬಿಟ್ಟರು. ಅಕ್ಕನ ಮುಖ ನೋಡಿದರು. ಮತ್ತೆ ಕೂತು, ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು.

"ನಿಧಾನ ತಿನ್ನು," ಎಂದರು. "ನಿಂದು ಮುಗಿಯುವವರೆಗೆ ನಾನು ಏಳುದಿಲ್ಲ."